ಎಡಗಾಲು

ತಟು ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಳು, ಪಿಲಿ ಅತ್ತೆ ಅಮ್ಮನ ಶವದ ಕಾಲು ತೊಳೆಯುತ್ತಿದ್ದಳು. ಎಡಗಾಲಿಗೆ ಬಂದಾಗ ಅತ್ತೆಯ ಕೈ ನಿಂತಿತು. ಮೊಣಕಾಲಿನಿಂದ ಪಾದದವರೆಗೆ ಬರೀ ಕಪ್ಪು ಚುಕ್ಕೆ, ಹಳೆಯ ಗಾಯ, ಕೆರೆದು ಕೆರೆದು ದಡ್ಡುಗಟ್ಟಿದ ಚರ್ಮ.

“ಬಲಗಾಲು ನೋಡೇ, ಇನ್ನೂ ಮದುಮಗಳ ಕಾಲಿದ್ದ ಹಾಗಿದೆ. ಎಡಗಾಲು ಮಾತ್ರ ಸೊಳ್ಳೆ ಆಫೀಸಿನವರದ್ದು,” ಎಂದಳು ಅತ್ತೆ.

ಒಬ್ಬಿಬ್ಬರು ಹೆಂಗಸರಿಗೆ ನಗು ಬಂತು. ತಟುವಿಗೆ ಮೈಯೆಲ್ಲ ಉರಿಯಿತು. ಅಮ್ಮ ಹಿದಾಯ ಸತ್ತದ್ದು ಮಲೇರಿಯಾದಿಂದ. ಊರಿನ ಸೊಳ್ಳೆಗಳನ್ನೆಲ್ಲ ತನ್ನ ಕಾಲಿಗೇ ಕರೆಸಿಕೊಂಡು ಹಿಡಿದುಕೊಟ್ಟವಳು ಅವಳು.

*

ಸೊಳ್ಳೆ ಸಮೀಕ್ಷೆಯ ಡಾಕ್ಟರ್ ಮಸಾವೆ ಮೊದಲ ಸಲ ಬಂದಾಗ ತಟು ಇನ್ನೂ ಶಾಲೆಗೆ ಹೋಗುವ ಹುಡುಗಿ. ಕಿಲೊಂಬೆರೊ ನದಿಯ ಭತ್ತದ ಗದ್ದೆಗಳ ನಡುವಿನ ಈ ಊರಲ್ಲಿ ಯಾವ ಜಾತಿಯ ಸೊಳ್ಳೆ ಎಷ್ಟಿವೆಯೆಂದು ತಿಳಿದರೆ ಮನೆಮನೆಗೆ ಔಷಧಿ ಹೊಡೆಸುತ್ತೇವೆ ಎಂದಿದ್ದರು. ಕೂಲಿಗೆ ಒಪ್ಪಿದ ಹಿದಾಯ ಸಂಜೆ ಅಂಗಳದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಎಡಗಾಲು ಬರಿದು ಮಾಡಿ, ಬಂದು ಕೂತ ಸೊಳ್ಳೆಯನ್ನು ಕೊಳವೆಯೊಳಕ್ಕೆ ಬಾಯಿಂದ ಎಳೆದುಕೊಳ್ಳಬೇಕು. ಮೊದಲ ಸಂಜೆ ಅವಳು ಪಟ್ಟನೆ ಹೊಡೆದುಬಿಟ್ಟಳು.

“ಹೊಡೀಬೇಡಿ ತಾಯಿ. ಜಜ್ಜಿದ್ದು ನಮ್ಮ ಲೆಕ್ಕಕ್ಕೆ ಬರಲ್ಲ,” ಎಂದಿದ್ದರು ಡಾಕ್ಟರು.

ಆಮೇಲೆ ಅವಳು ಹೊಡೆಯಲೇ ಇಲ್ಲ. ಒಲೆಯ ಮುಂದೆ ಕೂತಾಗಲೂ ಕೈ ತಡೆದುಕೊಳ್ಳುತ್ತಿದ್ದಳು. ಲೆಕ್ಕ ಮಾತ್ರ ಮುಗಿಯಲಿಲ್ಲ. ಪ್ರತಿ ಮಳೆಗಾಲವೂ ಇನ್ನೊಂದು ವರ್ಷ ನೋಡೋಣ ಎಂದರು. ಔಷಧಿ ಹೊಡೆಯುವವರು ಇತ್ತ ತಲೆ ಹಾಕಲಿಲ್ಲ. ಸಮೀಕ್ಷೆ ನಡೆಯುವಾಗ ಅವಳಿಗೆ ಮಾತ್ರೆ ಸಿಗುತ್ತಿತ್ತು; ಈ ಸಲ ಜ್ವರ ಬಂದದ್ದು ಕೆಲಸ ನಿಂತಿದ್ದ ತಿಂಗಳಲ್ಲಿ. ಊರಿನ ಆಸ್ಪತ್ರೆಯಲ್ಲಿ ಮಾತ್ರೆ ಖಾಲಿ. ತಟು ಆಫೀಸಿಗೆ ಓಡಿದರೆ, ಕೆಲಸದಲ್ಲಿರುವವರಿಗೆ ಮಾತ್ರ ಎಂದು ಬಾಗಿಲಿಂದಲೇ ಕಳಿಸಿದರು. ಎಂಥ ನಾಚಿಕೆಗೆಟ್ಟ ಜನ.

*

ಗಂಡಸರು ಮಣ್ಣು ಮಾಡಿ ಬಂದರು. ಮಸಾವೆಯೂ ಹೋಗಿ ಹಿಡಿ ಮಣ್ಣು ಹಾಕಿ ಬಂದು, ಅಂಗಳದಲ್ಲಿ ಅನ್ನ, ಹುರುಳಿಕಾಯಿ ಬೀಜದ ಸಾರು ಉಂಡು, ಹಿದಾಯಳಂಥ ನಂಬಿಗಸ್ತೆ ಸಿಗುವುದಿಲ್ಲ ಎಂದು ನಾಲ್ಕು ಮಾತಾಡಿದರು. ಮೂರು ರಾತ್ರಿ ಬಂದವರೆಲ್ಲ ಸಾವಿನ ಮನೆಯ ಅಂಗಳದಲ್ಲೇ ಚಾಪೆ ಹಾಸಿ ಮಲಗುವುದು ಊರ ಪದ್ಧತಿ. ಪಿಲಿ ಅತ್ತೆ ಅವರಿಗೂ ಒಂದು ಚಾಪೆ ಹಾಸಿದಳು. ಡಾಕ್ಟರು ಮುಳುಗುತ್ತಿದ್ದ ಸೂರ್ಯನನ್ನು ನೋಡಿ, ಕತ್ತಲಾದರೆ ಸೊಳ್ಳೆ ಕಾಟ, ಬರುತ್ತೇನೆ ಎಂದು ಎದ್ದರು. ಹೋಗುವ ಮುಂಚೆ ತಟುವನ್ನು ಕರೆದರು.

“ಸೋಮವಾರದಿಂದ ಮತ್ತೆ ಶುರು. ಅಮ್ಮನ ಜಾಗ ನಿನಗೇ ಇಟ್ಟಿದ್ದೀನಮ್ಮ.”

ಮನೆಯಲ್ಲಿ ಬೇರೆ ದುಡಿಮೆಯಿಲ್ಲ, ತಮ್ಮಂದಿರು ಚಿಕ್ಕವರು. ಒಲ್ಲೆ ಎನ್ನುವ ಧೈರ್ಯ ತಟುವಿಗಿರಲಿಲ್ಲ. ಒಳಗೆ ಹೋಗಿ ಅಮ್ಮನ ಸ್ಟೂಲು ತಂದು ಅವರ ಮುಂದಿಟ್ಟಳು.

“ಕೂತ್ಕೊಳ್ಳಿ ಸಾರ್. ಇವತ್ತೊಂದು ಸಂಜೆ ನೀವು ಕೂತರೆ, ಸೋಮವಾರ ನಾನು ಕೂರ್ತೀನಿ.”

ಅಂಗಳದವರೆಲ್ಲ ಇತ್ತ ತಿರುಗಿದರು. ಮಸಾವೆ ಗಾಡಿಯ ಕಡೆ ನೋಡಿದರು. ಡ್ರೈವರ್ ಇನ್ನೂ ಉಣ್ಣುತ್ತಿದ್ದ, ತಲೆಯೆತ್ತಲಿಲ್ಲ. ಬೇರೆ ದಾರಿ ಕಾಣದೆ ಕೂತರು. ಷರಾಯಿ ಮಡಚಲು ಬಗ್ಗಿದಾಗ ಪಿಲಿ ಅತ್ತೆ, “ಎಡಗಾಲು,” ಎಂದಳು.

ಗದ್ದೆಯ ಕಡೆಯಿಂದ ಗುಂಯ್‌ಗುಡುವ ಸದ್ದು ಬಂತು. ಮೊದಲನೆಯದು ಮೀನಖಂಡದ ಮೇಲೆ ಬಂದು ಕೂತಿತು. ಡಾಕ್ಟರ ಕೈ ಮೇಲೆದ್ದಿತು.

“ಹೊಡೀಬೇಡಿ,” ಎಂದಳು ತಟು.

ಕೈ ಗಾಳಿಯಲ್ಲೇ ನಿಂತಿತು. ಸೊಳ್ಳೆಯ ಹೊಟ್ಟೆ ನಿಧಾನವಾಗಿ ಕೆಂಪಾಗುತ್ತ ಬಂತು.