ಸವೆದ ನಾಣ್ಯದ ಅಂಕಿ

ಶವದ ವ್ಯಾನಿನವನು ಮತ್ತೆ ಹಾರ್ನ್ ಹೊಡೆದ. ಬಾಗಿಲಿಗೆ ಅಡ್ಡ ನಿಂತ ಮಗಳು ಕದಲಲಿಲ್ಲ.

"ಗಡಿಯಾರದ ಮಾವ ಬರೋ ತನಕ ಅಮ್ಮನ್ನ ಎತ್ತೋ ಹಾಗಿಲ್ಲ."

"ಆ ಮೊಂಡ ಬರ್ತಾನಾ?" ಅಂದ ಅಪ್ಪ. "ಒಂದು ಸವಕಲು ಕಾಸಿಗೋಸ್ಕರ ಇವಳ ಹತ್ರ ಮಾತು ಬಿಟ್ಟೋನು."

*

ಅಮ್ಮನದು ಗುಂಡಿ ಅಂಗಡಿ. ಹಳೇ ಗುಂಡಿಗಳ ನಡುವೆ ಸಿಕ್ಕ ಒಂದು ನಿಕಲ್ ಕಾಸಿನಿಂದ ಹುಚ್ಚು ಹತ್ತಿತ್ತು: ಮೊದಲ ಮಹಾಯುದ್ಧದ ಕಾಲದ ಆಟೊಮನ್ ತುರ್ಕರ ನಾಣ್ಯಗಳ ಹುಚ್ಚು. ಎದುರಂಗಡಿಯ ಗಡಿಯಾರ ರಿಪೇರಿಯವನಿಗೂ ಅದೇ ರೋಗ. ಆ ನಾಣ್ಯಗಳ ಮೇಲೆ ಸುಲ್ತಾನ ಪಟ್ಟಕ್ಕೇರಿದ ಇಸವಿ ಬದಲಾಗುವುದೇ ಇಲ್ಲ. ಅಚ್ಚಾದ ವರ್ಷ ತಿಳಿಯಬೇಕಾದರೆ ಅವನ ರುಜುವಿನ ಜೊತೆಗಿನ ಪುಟ್ಟ ಅಂಕಿ ನೋಡಬೇಕು; ಅದು ಆಳ್ವಿಕೆಯ ಎಷ್ಟನೇ ವರ್ಷ ಅಂತ ಹೇಳುತ್ತದೆ. ಆ ಅರಬ್ಬಿ ಲಿಪಿಯಲ್ಲಿ ಏಳನ್ನು ತಲೆಕೆಳಗು ಮಾಡಿದರೆ ಎಂಟು. ರುಜು ಪೂರ್ತಿ ಅಳಿಸಿಹೋಗಿ, ಮೇಲು ಕೆಳಗು ತಿಳಿಯದಂತೆ ಅಂಕಿಯೊಂದೇ ಉಳಿದ ನಾಣ್ಯವೊಂದು ಗಡಿಯಾರದವನಿಗೆ ಸಿಕ್ಕಿತು ನೋಡಿ, ಅಲ್ಲಿಗೆ ಶುರುವಾಯಿತು.

"ಎಂಟು," ಅಂದಳು ಅಮ್ಮ.

"ಏಳು ಅಕ್ಕ. ನನ್ನ ಕಣ್ಣಿಗೇ ಪಾಠ ಹೇಳ್ಬೇಡ."

ಹೇಗೆ ಎಂಟು ಅಂತ ಕೇಳುವಷ್ಟೂ ತಾಳ್ಮೆಯಿಲ್ಲದೆ ಎದ್ದು ಹೋದವನು ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಅವನಿಗೆ ಹೇಳಲಾಗದ್ದನ್ನು ಅಮ್ಮ ಮಗಳಿಗೆ ಕಲಿಸಿದಳು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, "ಅವನ ಬಾಯಲ್ಲೇ ಎಂಟು ಅನ್ನಿಸು. ಆಮೇಲೆ ನನ್ನ ಎಲ್ಲಿಗಾದ್ರೂ ಹೊತ್ಕೊಂಡು ಹೋಗಿ," ಅಂದಳು. ಮಗಳು ಹೂಂ ಅಂದುಬಿಟ್ಟಿದ್ದಳು.

*

ಗಡಿಯಾರದ ಮಾವ ಏದುಸಿರು ಬಿಡುತ್ತಾ ಬಂದ. ನಾಣ್ಯವನ್ನು ಅಮ್ಮನ ಕೈಯಲ್ಲಿಡಲು ಬಗ್ಗಿದ. "ತಗೋ ಅಕ್ಕ. ಏಳೇ ಆದ್ರೂ ನಿಂದೇ."

ಮಗಳಿಗೆ ಮೈ ಉರಿದುಹೋಯಿತು. "ಏಳು ಹೇಗಾಗುತ್ತೆ ಮಾವ? ತೋರ್ಸಿ ನೋಡೋಣ."

ಹಿಂಬದಿಯ ಇಸವಿ ಚೆನ್ನಾಗಿಯೇ ಉಳಿದಿತ್ತು. ಅದನ್ನು ನೆಟ್ಟಗೆ ಹಿಡಿದು, ನಾಣ್ಯವನ್ನು ಮೇಲಿಂದ ಕೆಳಕ್ಕೆ ಮಗುಚಿದ. "ಇಗೋ, ಏಳು."

ಅವಳು ಅಮ್ಮನ ಡಬ್ಬಿಯಿಂದ ಚೂರೂ ಸವೆಯದ ನಾಣ್ಯವೊಂದನ್ನು ತೆಗೆದುಕೊಟ್ಟಳು. "ಇದನ್ನೂ ಹಾಗೇ ಮಗುಚಿ."

ಮಗುಚಿದ. ಸುಲ್ತಾನನ ರುಜು ತಲೆಕೆಳಗಾಗಿತ್ತು. ಅಳುತ್ತಿದ್ದವರೆಲ್ಲ ಅಳು ಬಿಟ್ಟು ಹತ್ತಿರ ಸರಿದರು.

"ಈಗ ಪುಸ್ತಕದ ಹಾಳೆ ಥರ, ಪಕ್ಕಕ್ಕೆ."

ರುಜು ನೆಟ್ಟಗಾಯಿತು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸವೆದ ನಾಣ್ಯವನ್ನೂ ಪಕ್ಕಕ್ಕೆ ತಿರುಗಿಸಿದ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಅಂತ ಗೊಣಗಿದ.

"ಅಮ್ಮನಿಗೆ ಕೇಳೋ ಹಾಗೆ ಹೇಳಿ ಮಾವ."

"ಎಂಟು, ಅಕ್ಕ. ಎಂಟೇ."

ಮಗಳು ಬಾಗಿಲು ಬಿಟ್ಟಳು. ಅವಳ ಎದೆ ಹಗುರಾಗಿ ನಗುವೇ ಬಂದುಬಿಟ್ಟಿತು, ಅದರ ಹಿಂದೆಯೇ ಅಳು.

ಅವನು ಅಂಕಿ ಮೇಲೆ ಕಾಣುವಂತೆ ನಾಣ್ಯವನ್ನು ಅಕ್ಕನ ಅಂಗೈಯಲ್ಲಿಟ್ಟು, ಚಟ್ಟದ ಮುಂದಿನ ಹೆಗಲಿಗೆ ನಿಂತ. ಮಸೂರ ತೆಗೆಯುವುದು ಮರೆತೇಹೋಗಿತ್ತು. ಮೆಟ್ಟಿಲಿಳಿಯುವಾಗ ಅದರ ತುಂಬ ನೀರು ನಿಂತು, ಅಂಚಿನಿಂದ ಕೆನ್ನೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.