ಗೋಡೆಯಾಚೆಯ ಮಣಕ

ಇಂದ್ರಾಬಾಯಿಯ ಅಂಗಳದಲ್ಲಿ ನಿಂತು ‘ಕಳವು’ ಎಂಬ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಆಡಿದವನು ಅನಿಲಕುಮಾರ, ಎಮ್ಮೆಗಳ ಮೇವಿನ ಅಧ್ಯಯನಕ್ಕೆಂದು ಮರೋಳಕ್ಕೆ ಜೀಪಿನಲ್ಲಿ ಬರುತ್ತಿದ್ದ ಸಾಹೇಬ.

ಊರಿನ ಕೆಲವು ಮನೆಗಳ ಮಣಕಗಳನ್ನು, ಅಂದರೆ ಇನ್ನೂ ಗಬ್ಬ ಕಟ್ಟದ ಹರೆಯದ ಎಮ್ಮೆಗಳನ್ನು, ಅವನು ಆರಿಸಿಕೊಂಡಿದ್ದ. ಅರ್ಧದಷ್ಟಕ್ಕೆ ಖನಿಜದ ಪುಡಿ ಬೆರೆಸಿದ ಹಿಂಡಿ, ಉಳಿದವಕ್ಕೆ ಬರೀ ಜೋಳದ ಒಣದಂಟಿನ ಕಣಕಿ, ಹೊಟ್ಟು. ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ, ಯಾವುದು ಬೇಗ ಬೆಳೆದು ಬೆದೆಗೆ ಬರುತ್ತದೆ ಎಂದು ನೋಡಬೇಕಿತ್ತು. ಅದಕ್ಕಾಗಿ ಸೆಗಣಿಯನ್ನೂ ತುಂಬಿಕೊಂಡು ಹೋಗುತ್ತಿದ್ದರು.

“ನಮಗ ಬಸ್ಸಿನ್ಯಾಗ ನಿಲ್ಲಾಕ ಜಾಗಾ ಇಲ್ಲ. ನಮ್ಮ ಸೆಗಣಿ ನೋಡು ಇಂದ್ರಕ್ಕ, ಜೀಪಿನ್ಯಾಗ ಕುಂತು ಹೊಂಟೈತಿ!” ಎಂದು ಪಕ್ಕದ ಮನೆಯ ದೌಲತಬಿ ನಗುತ್ತಿದ್ದಳು.

ಇಬ್ಬರ ಕೊಟ್ಟಿಗೆಗಳ ನಡುವೆ ಸೊಂಟದೆತ್ತರದ ಗೋಡೆ. ಹಿಂಡಿಯ ಚೀಲ ಬಂದದ್ದು ಇಂದ್ರಾಬಾಯಿಯ ಮಣಕಕ್ಕೆ. ದೌಲತಬಿಯದು ಬರೀ ಮೇವಿನ ಪಾಲಿಗೆ ಬಿದ್ದಿತ್ತು. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. “ನಿಮ್ಮ ಮಣಕಾನೂ ಅಳೀತೇವಿ” ಎಂದಷ್ಟೇ ಹೇಳಿ ಅದರ ಎದೆಗೆ ಟೇಪು ಸುತ್ತಿದ್ದರು.

ಮೊದಲ ದಿನವೇ ಹಿಂಡಿಯ ವಾಸನೆಗೆ ಆ ಮಣಕ ಗೋಡೆಯ ಮೇಲಿಂದ ಕತ್ತು ಚಾಚಿ ನಿಂತಿತು. ಎದುರಿಗೆ ಯಾರಾದರೂ ನೋಡುತ್ತ ನಿಂತಿದ್ದರೆ ಅವರ ಕೈಗೊಂದಿಷ್ಟು ಹಾಕದೆ ತಾವು ಬಾಯಿಗೆ ಹಾಕಿಕೊಳ್ಳುವ ಮನೆತನ ಇಂದ್ರಾಬಾಯಿಯದಲ್ಲ. ಅರ್ಧ ಬುಟ್ಟಿ ಹಿಂಡಿಯನ್ನು ಆಚೆ ಸುರಿದಳು. ಮರುದಿನವೂ ಸುರಿದಳು. ದೌಲತಬಿ ತನ್ನ ಹೊಲದ ಹಸಿ ಮೆಕ್ಕೆಜೋಳದ ಸೂಡನ್ನು ಈಚೆ ಎಸೆದಳು. ಎರಡೂ ಮಣಕಗಳ ಮೈ ಮಿರುಗತೊಡಗಿತು. ಇದರಲ್ಲಿ ಮುಚ್ಚಿಡುವಂಥದ್ದೇನಾದರೂ ಇದೆಯೆಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಇವತ್ತು ಅಳತೆಗೆ ಬಂದ ಅನಿಲಕುಮಾರ ದೌಲತಬಿಯ ಗೋದಲಿಯ ಮೂಲೆಯಲ್ಲಿ ಅಂಟಿಕೊಂಡಿದ್ದ ಪುಡಿಯನ್ನು ಉಗುರಿನಿಂದ ಕೆರೆದು ನೋಡಿ, ಈಚೆ ಬಂದು, ಓಣಿಗೆಲ್ಲ ಕೇಳುವಂತೆ ಅಂದುಬಿಟ್ಟ: “ನಿಮ್ಮ ಚೀಲಕ್ಕ ನೆರಿಮನಿಯವರು ಕೈ ಹಾಕ್ಯಾರ. ಇದು ಕಳವು.”

ಇಂದ್ರಾಬಾಯಿ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. “ಸಾಹೇಬ್ರ, ಯಾರಿಗಂದ್ರಿ ಆ ಮಾತು?”

“ಮತ್ಯಾರಿಗೆ? ಚೀಲಾ ನಿಮ್ಮಲ್ಲಿ, ಹಿಂಡಿ ಅವರ ಗೋದಲ್ಯಾಗ. ನಿಮಗ ತಿಳಿಯಂಗಿಲ್ಲ ಬಿಡ್ರಿ ಅಮ್ಮಾರ.”

“ನನಗ ತಿಳಿಯಂಗಿಲ್ಲಾ? ದಿನಾ ಮುಂಜಾನಿ ಈ ಕೈಲೇ ಹಾಕೇನಿ! ಕಳ್ಳಿ ಅನ್ನೋದಿದ್ರ ನನಗ ಅನ್ರಿ.”

ಅವನು ಹಣೆ ಹಿಡಿದುಕೊಂಡ. “ನೀವಾ? ಇಡೀ ಕೆಲಸಾನ ಕೆಡಿಸಿಬಿಟ್ರಲ್ರಿ! ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಅಷ್ಟ ಫರಕ ಗೊತ್ತಾಗೋದು.”

“ಕೆಟ್ಟಿದ್ರ ನನ್ನ ತಪ್ಪು, ಒಪ್ಪಿದೆ. ಚೀಲಾ ಒಯ್ರಿ. ಆದ್ರ ಆಕಿಗಂದ ಮಾತನ್ನ ನಮ್ಮ ಓಣ್ಯಾಗ ಬಿಟ್ಟು ಹೋಗಬ್ಯಾಡ್ರಿ.”

ಸಿಟ್ಟಿನಲ್ಲಿ ಚೀಲವನ್ನು ತಾನೇ ಜೀಪಿನ ಕಡೆಗೆ ಎಳೆಯತೊಡಗಿದಳು. ಅವನೊಂದಿಗೆ ಬಂದಿದ್ದ ವಿದ್ಯಾರ್ಥಿನಿ ಶೈಲಾ, ಕೊಟ್ಟಿಗೆಗೂ ಚಪ್ಪಲಿ ಬಿಟ್ಟು ಬರುವ ಹುಡುಗಿ, ಚೀಲದ ಇನ್ನೊಂದು ತುದಿ ಹಿಡಿದಳು.

“ಆತ್ ಬಿಡ್ರಿ, ಏನೋ ಬಾಯಾಗ ಬಂತು,” ಎಂದ ಅನಿಲಕುಮಾರ, ಗೋಡೆಯ ಕಡೆ ನೋಡುತ್ತ.

“ಗ್ವಾಡಿಗೇನು ಹೇಳ್ತೀರಿ? ಆಕಿ ಮನಿಗೆ ಬಾಗಲಾ ಐತಿ.”

ಓಣಿಯ ಕಟ್ಟೆಯ ಮೇಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಸುತ್ತಿ ಬಳಸಿ ದೌಲತಬಿಯ ಅಂಗಳಕ್ಕೆ ಹೋದ. ಅವಳು ಬೆನ್ನು ತಿರುಗಿಸಿ ಮಣಕದ ಮೈ ತಿಕ್ಕುತ್ತಿದ್ದಳು. ಎಲ್ಲವೂ ಕೇಳಿಸಿತ್ತು.

“ತಪ್ಪಾತ್ರಿ,” ಎಂದ ಸಣ್ಣ ದನಿಯಲ್ಲಿ.

“ಜೋರಾಗಿ ಅಂದದ್ದನ್ನ ಜೋರಾಗೇ ವಾಪಸ್ ತಗೊರಿ,” ಗೋಡೆಯಾಚೆಯಿಂದ ಇಂದ್ರಾಬಾಯಿ ಕೂಗಿದಳು.

“ತಪ್ಪಾತ್ರಿ! ನೀವು ಕಳವು ಮಾಡಿಲ್ಲ.”

ಆಗ ದೌಲತಬಿ ತಿರುಗಿದಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ನಡುಗಲಿಲ್ಲ. “ನಾನೂ ಒಂದು ಮಾತು ಕೇಳ್ತೇನ್ರಿ. ಇಂದ್ರಕ್ಕ ಹಾಕ್ತಿದ್ದಳು, ನಾ ಬ್ಯಾಡ ಅನ್ನಲಿಲ್ಲ. ನನ್ನ ಮಣಕಕ್ಕ ಹಾಕಬಾರದು ಅಂತ ನೀವು ಠರಾಯಿಸಿದಾಗ ನನ್ನನ್ನ ಯಾಕ ಕೇಳಲಿಲ್ಲ? ದನಾ ನಂದಲ್ಲೇನು?”

ಅನಿಲಕುಮಾರ ತನ್ನ ಹಿಂದೆಯೇ ಬಂದು ನಿಂತಿದ್ದ ಶೈಲಾಳ ಕಡೆ ನೋಡಿದ.

“ಕೇಳಬೇಕಾಗಿತ್ತು ಸರ್,” ಎಂದಳು ಅವಳು.

ಮನೆಗೆ ಬಂದವರನ್ನು ನಿಲ್ಲಿಸಿಕೊಂಡು ಮಾತಾಡುವ ರೂಢಿ ದೌಲತಬಿಗಿರಲಿಲ್ಲ. ಆದರೂ ಅವಳು ಅವನಿಗೆ ಕುಂದರ್ರಿ ಎನ್ನಲಿಲ್ಲ. ಗೋಡೆಯಾಚೆಯ ಇಂದ್ರಾಬಾಯಿಯೂ ಎನ್ನಲಿಲ್ಲ.