ಆರು ಕೈಗಳ ಮಡಿಲು

ತಾಯಿಗೆ ಎರಡೇ ಕೈ ಕೊಟ್ಟಿದ್ದು ಪ್ರಕೃತಿಯ ಶುದ್ಧ ಜಿಪುಣತನ ಎಂದು ನಮ್ಮ ಕಾರ್ಖಾನೆಯ ಮುಖ್ಯ ವಿನ್ಯಾಸಕರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ದೊಡ್ಡತಲೆ ಎನ್ನುತ್ತಿದ್ದೆವು. ಮಗುವನ್ನು ಹಿಡಿಯಲು ಎರಡು, ತಟ್ಟಲು ಎರಡು, ತಲೆ ಸವರಲು ಒಂದು, ಸೊಳ್ಳೆ ಓಡಿಸಲು ಒಂದು, ಹೀಗೆ ಆರು ಕೈ ಬೇಕೇ ಬೇಕು ಎಂಬುದು ಅವರ ವಾದ. ಆ ಆರಕ್ಕೂ ಕೀಲು ಜೋಡಿಸಿದವನು ನಾನು, ಫಿಟ್ಟರ್. ಹೇಳಿದ್ದನ್ನು ಜೋಡಿಸುವುದಷ್ಟೇ ನನ್ನ ಕೆಲಸ, ತಲೆ ಕೆಡಿಸಿಕೊಳ್ಳುವುದಲ್ಲ. ಆದರೂ ಕೆಡುತ್ತಿತ್ತು.

ಯಂತ್ರದ ಹೆಸರು 'ಸುಧಾರಿತ ಮಡಿಲು'. ಅಳುವ ಮಗುವನ್ನು ಅದರಲ್ಲಿ ಮಲಗಿಸಿದರೆ ಬೆಚ್ಚಗಿಟ್ಟು ತೂಗುತ್ತದೆ. ಒಳಗಿನಿಂದ ಎದೆಬಡಿತ ಕೇಳಿಸುತ್ತದೆ, ಮೇಲಿನಿಂದ ಲಾಲಿ. ತಾಯಿಗಾದರೆ ಸುಸ್ತಾಗುತ್ತದೆ, ಸಿಟ್ಟು ಬರುತ್ತದೆ, ಶ್ರುತಿ ತಪ್ಪುತ್ತದೆ. ಇದಕ್ಕೆ ಆ ರಗಳೆ ಯಾವುದೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ದೊಡ್ಡತಲೆ ಮನೆಗೆ ಹೋಗುವ ಮುಂಚೆ ಅದರ ಕೆನ್ನೆ ಇರಬೇಕಾದ ಜಾಗವನ್ನು ಒಮ್ಮೆ ಸವರಿ ಹೋಗುತ್ತಿದ್ದರು.

ಆ ಯಂತ್ರ ಗೆಲ್ಲುವುದು ಅವರಿಗಿಂತ ನನಗೆ ಹೆಚ್ಚು ಬೇಕಾಗಿತ್ತು. ಕಾರಣ ನನ್ನ ತಂಗಿ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ಮನೆ ಮುಟ್ಟುವುದೇ ಅಪರೂಪ. ನಮ್ಮ ಅಮ್ಮ ತೀರಿಹೋಗಿ ವರ್ಷಗಳಾದವು. ಅವಳ ಎಳೆಗೂಸೋ, ಜಪ್ಪಯ್ಯ ಅಂದರೂ ಮಲಗದು. ತಂಗಿ ಹೊಲಿಗೆ ಅಂಗಡಿಯಲ್ಲಿ ತೂಕಡಿಸಿ ಬೆರಳಿನ ಮೇಲೇ ಸೂಜಿ ಓಡಿಸಿಕೊಂಡಳು. ನೋಡಲು ಹೋದರೆ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಒರಗಿ, ಮಗುವನ್ನು ಎತ್ತಿಕೊಂಡವಳು ನಿಂತಲ್ಲೇ ನಿದ್ದೆಹೋಗಿದ್ದಳು. ಮಗು ಮಾತ್ರ ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಇವತ್ತಲ್ಲ ನಾಳೆ ಇವಳು ಕೂಸನ್ನು ಕೈಯಿಂದ ಬೀಳಿಸುತ್ತಾಳೆ ಎಂದುಕೊಂಡು ಅದನ್ನು ಮೆಲ್ಲನೆ ನನ್ನ ಕೈಗೆ ತೆಗೆದುಕೊಂಡೆ.

ಕಾರ್ಖಾನೆಯೊಳಗೆ ಮಕ್ಕಳನ್ನು ಬಿಡುವ ಹಾಗಿರಲಿಲ್ಲ, ಸುರಕ್ಷತೆಯ ನಿಯಮ. ಆದ್ದರಿಂದ ಮಡಿಲನ್ನು ಪರೀಕ್ಷಿಸಲು ಉಳಿದವರು ನಾವೇ. ಊಟವಾದ ಮೇಲೆ ಒಬ್ಬೊಬ್ಬರಾಗಿ ಅದರಲ್ಲಿ ಮಲಗುವುದು, ಎದ್ದು ಏನು ಕಮ್ಮಿ ಎಂದು ಹೇಳುವುದು. ಮೊದಲು ದೊಡ್ಡತಲೆಯೇ ಬೂಟು ಕಳಚಿ ಮಲಗಿದರು. ಅವರು ಭಾರಿ ಆಸಾಮಿ, ಕೀಲುಗಳು ಕಿರುಗುಟ್ಟಿದವು. ದಪ್ಪ ಸ್ಪ್ರಿಂಗು ಹಾಕು ಎಂದರು.

"ಮಗು ಇಷ್ಟು ತೂಕ ಇರಲ್ಲ ಸಾರ್," ಎಂದೆ.

"ಬೆಳೆಯುತ್ತಲ್ಲಪ್ಪ," ಎಂದರು.

ಲೆಕ್ಕ ನೋಡುವ ಮೇಡಂ ಮಲಗೆದ್ದು, ಲಾಲಿ ಸಾಲದು, ನಡುನಡುವೆ ಯಾರಾದರೂ 'ಆಯ್ತು ಬಿಡು, ನಾಳೆ ನೋಡ್ಕೊಂಡ್ರಾಯ್ತು' ಅನ್ನಬೇಕು ಎಂದರು. ಅದನ್ನೂ ಸೇರಿಸಿದೆವು. ಕಾವಲುಗಾರನಿಗೆ ಸೊಂಟದ ಹತ್ತಿರ ಕಾವು ಬೇಕಾಯಿತು. ಕೊನೆಗೆ ದೊಡ್ಡತಲೆ ಮತ್ತೊಮ್ಮೆ ಮಲಗಿ, ಸಂಜೆಯವರೆಗೆ ಗೊರಕೆ ಹೊಡೆದು, ಕಣ್ಣೊರೆಸಿಕೊಳ್ಳುತ್ತ ಎದ್ದು "ಪ್ರಕೃತಿ ಸೋತಿತು" ಎಂದರು. ತಲೆ ಸವರುವ ಕೈಯನ್ನು ಉಜ್ಜಿ ನುಣುಪು ಮಾಡುವುದೊಂದು ಬಾಕಿ ಉಳಿದಿತ್ತು. ಅಷ್ಟರಲ್ಲಿ ಮಾಲೀಕರ ಮುಂದೆ ಪ್ರದರ್ಶನ ಗೊತ್ತಾಯಿತು. ಅದಕ್ಕೆ ನಿಜವಾದ ಮಗುವೇ ಬೇಕು ಎಂದ ಮಾಲೀಕರು ನಿಯಮ ಬದಿಗಿಟ್ಟರು. ನಾನು ತಂಗಿಯನ್ನು ಕರೆದೆ.

"ಇದನ್ನ ನಂಬಬಹುದಾ ಅಣ್ಣ?"

"ನಾನೇ ಜೋಡಿಸಿದ್ದು ಕಣೇ."

"ಅದಕ್ಕೇ ಕೇಳಿದ್ದು," ಎಂದಳು. ನಿದ್ದೆಯಿಲ್ಲದೆ ಸೊರಗಿದ್ದರೂ ಅವಳ ನಾಲಿಗೆಗೇನೂ ಆಗಿರಲಿಲ್ಲ.

ಮಗುವನ್ನು ಮಡಿಲಲ್ಲಿಟ್ಟಳು. ಆರು ಕೈಗಳೂ ಕೆಲಸ ಶುರುಮಾಡಿದವು. ಮಗು ಒಂದೊಂದೇ ಕೈಯನ್ನು ತನಿಖೆಗೆ ಬಂದ ಅಧಿಕಾರಿಯ ಹಾಗೆ ನೋಡಿತು, ಆಮೇಲೆ ಗಂಟಲು ಹರಿಯುವಂತೆ ಕಿರುಚಿತು. "ಆಯ್ತು ಬಿಡು, ನಾಳೆ ನೋಡ್ಕೊಂಡ್ರಾಯ್ತು," ಎಂದಿತು ಯಂತ್ರ. ಮುಂದಿನ ಕುರ್ಚಿಯಲ್ಲಿದ್ದ ಮಾಲೀಕರ ತಲೆ ಎದೆಗೆ ಜೋತುಬಿತ್ತು. ಲೆಕ್ಕದ ಮೇಡಂ ಕಾವಲುಗಾರನ ಭುಜಕ್ಕೆ ಒರಗಿದರು, ಕಾವಲುಗಾರ ಗೋಡೆಗೆ ಒರಗಿದ. ಆ ಕಿರುಚಾಟದ ನಡುವೆಯೇ ಮಗುವನ್ನೂ ನಮ್ಮ ಮೂವರನ್ನೂ ಬಿಟ್ಟು ಸಭೆಗೆ ಸಭೆಯೇ ಮಲಗಿತು.

ದೊಡ್ಡತಲೆ ಆಕಳಿಕೆ ತಡೆದುಕೊಂಡು ಮಗುವನ್ನು ಪರಿಶೀಲಿಸಿದರು. "ಯಂತ್ರ ಸರಿಯಾಗಿದೆ. ಮಗು ಹಳೇ ಮಾದರಿ. ಇದನ್ನೇ ಸ್ವಲ್ಪ ತಿದ್ದಬೇಕು."

ನನಗೆ ಪಿತ್ತ ನೆತ್ತಿಗೇರಿತು. "ನನ್ನ ಸೋದರಳಿಯನ ತಂಟೆಗೆ ಬಂದ್ರೆ ಮೊದಲು ನಿಮ್ಮನ್ನೇ ರಿಪೇರಿ ಮಾಡ್ತೀನಿ ಸಾರ್," ಎಂದೆ. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ತಂಗಿ ಓಡಿ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದವಳು, ಮಗುವಿನ ಸಮೇತ ಹಾಗೇ ಮಡಿಲೊಳಗೆ ಕುಸಿದಳು. ದಪ್ಪ ಸ್ಪ್ರಿಂಗುಗಳು ಚಕಾರವೆತ್ತಲಿಲ್ಲ. ಎರಡು ಕೈ ಅವಳನ್ನು ಹಿಡಿದವು, ಎರಡು ಬೆನ್ನು ತಟ್ಟಿದವು, ಒಂದು ಇಲ್ಲದ ಸೊಳ್ಳೆ ಓಡಿಸಿತು, ಒಂದು ತಲೆ ಸವರಿತು. "ಆಯ್ತು ಬಿಡು, ನಾಳೆ ನೋಡ್ಕೊಂಡ್ರಾಯ್ತು."

"ಹೂಂ," ಎಂದಳು ತಂಗಿ. ನಿದ್ದೆಹೋದಳು. ಬಾಯಿ ತೆರೆದು, ಶ್ರುತಿಯಿಲ್ಲ ತಾಳವಿಲ್ಲ, ಗೊರಕೆ ಹೊಡೆಯತೊಡಗಿದಳು. ಮಗು ಅವಳ ಎದೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿತು. ಆಕಳಿಸಿತು. ಮಲಗಿತು.

ದೊಡ್ಡತಲೆ ಚಪ್ಪಾಳೆ ತಟ್ಟಹೋಗಿ ಕೈ ತಡೆದುಕೊಂಡರು. "ನೋಡಿದೆಯಾ, ಮಗು ಮಲಗ್ತು," ಎಂದು ಪಿಸುಗುಟ್ಟಿದರು.

"ಮಗೂನ ಮಲಗಿಸಿದ್ದು ಅವಳು ಸಾರ್."

"ಅವಳನ್ನ ಮಲಗಿಸಿದ್ದು ಯಾರು?"

ನಾನು ಸ್ಪ್ಯಾನರ್ ಕೆಳಗಿಟ್ಟೆ. ಗಣೇಶನನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗೆ, ನಾವು ತಾಯಿಯನ್ನು ಮಾಡಲು ಹೋಗಿ ಅಜ್ಜಿಯನ್ನು ಮಾಡಿಟ್ಟಿದ್ದೆವು.

ಮಾಲೀಕರು ಎಚ್ಚೆತ್ತು, ಇಷ್ಟು ಒಳ್ಳೆ ನಿದ್ದೆ ಕಂಡು ಯಾವ ಕಾಲವಾಯಿತೋ, ನಾಳೆಯಿಂದಲೇ ಮಾರಿ ಎಂದರು. ಡಬ್ಬಿಯ ಮೇಲೆ ಸೂಚನೆ ಬರೆಸುವುದೆಂದಾಯಿತು: 'ಮಗು ಮಲಗಲು ಒಬ್ಬ ತಾಯಿ ಅಗತ್ಯ. ತಾಯಿಯನ್ನು ಯಂತ್ರದೊಂದಿಗೆ ಒದಗಿಸಲಾಗುವುದಿಲ್ಲ.'

ಬೀಗ ಹಾಕುವ ಹೊತ್ತಾದರೂ ತಂಗಿಯನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ತಾನಾಗಿ ಕಣ್ಣು ಬಿಟ್ಟವಳು ಮೊದಲು ಮಗುವನ್ನು ಮುಟ್ಟಿ ನೋಡಿದಳು. ಆಮೇಲೆ ತಲೆ ಸವರುತ್ತಿದ್ದ ಕೈಯನ್ನು ಹಿಡಿದುಕೊಂಡಳು.

"ಇದೊಂದು ಯಾಕಣ್ಣ ಇಷ್ಟು ಒರಟು?"

"ಉಜ್ಜೋಕೆ ಟೈಮ್ ಸಿಗಲಿಲ್ಲ. ನಾಳೆ ನುಣ್ಣಗೆ ಮಾಡ್ತೀನಿ."

"ಬೇಡ," ಎಂದಳು. ಇನ್ನೂ ಅದನ್ನು ಬಿಟ್ಟಿರಲಿಲ್ಲ. "ಅಮ್ಮನ ಕೈಯೂ ಹೀಗೇ ಇತ್ತು."

ಮರುದಿನ ದೊಡ್ಡತಲೆ, ಆ ಕೈ ಉಜ್ಜಿದೆಯಾ ಎಂದು ಕೇಳಿದರು. ಉಜ್ಜಿದೆ ಎಂದೆ. ಉಜ್ಜಲಿಲ್ಲ.